ಬಾಯಿಪಾಠ ಬಿಟ್ಟರೆ ಯೋಚನಾಶಕ್ತಿ ಬೆಳೆಯುತ್ತದೆಯೇ?

ಪ್ರಶ್ನೆ: ನನಗೆ ಇಬ್ಬರು ಮಕ್ಕಳು. ಮಗ ಒಂಬತ್ತನೇ ತರಗತಿ, ರಾಜ್ಯ ಪಠ್ಯಕ್ರಮ. ವಿಜ್ಞಾನದಲ್ಲಿ ಯಾವಾಗಲೂ ನೂರಕ್ಕೆ 90ರ ಮೇಲೆ. ನೋಟ್ಸ್ ಒಂದಕ್ಷರ ಬಿಡದೆ ಒಪ್ಪಿಸುತ್ತಾನೆ. ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಿದರೆ ಮಾತ್ರ ‘ಇದು ನಮಗೆ ಹೇಳಿಕೊಟ್ಟಿಲ್ಲ’ ಎಂದುಬಿಡುತ್ತಾನೆ. ಅವನನ್ನು ನೋಡಿಯೇ ಮಗಳನ್ನು ಚಟುವಟಿಕೆ ಆಧಾರಿತ ಶಾಲೆಗೆ ಸೇರಿಸಿದೆವು. ಅವಳೀಗ ಐದನೇ ತರಗತಿ. ಚುರುಕು, ಎಲ್ಲದಕ್ಕೂ ‘ಯಾಕೆ’ ಎನ್ನುತ್ತಾಳೆ. ಆದರೆ ಏಳೆಂಟ್ಲ ಎಷ್ಟು ಎಂದರೆ ಬೆರಳು ಎಣಿಸುತ್ತಾಳೆ. ಶಾಲೆಯವರು ‘ಉರು ಹೊಡೆಸಬೇಡಿ, ಯೋಚನಾಶಕ್ತಿ ಹೋಗುತ್ತದೆ’ ಎನ್ನುತ್ತಾರೆ. ಮಾವನವರು ‘ಮಗ್ಗಿ ಬಾರದ ಮೇಲೆ ಎಂಥ ಓದು’ ಎನ್ನುತ್ತಾರೆ. ಯಜಮಾನರ ಪ್ರಕಾರ ಎಲ್ಲವೂ ಫೋನಿನಲ್ಲಿದೆ, ಯೋಚಿಸಲು ಕಲಿತರೆ ಸಾಕು. ಇಬ್ಬರನ್ನೂ ‘ವಿಮರ್ಶಾತ್ಮಕ ಚಿಂತನೆ’ಯ ಆನ್‌ಲೈನ್ ಕೋರ್ಸಿಗೆ ಸೇರಿಸುವ ಯೋಚನೆಯಿದೆ. ಜ್ಞಾನ ಮುಖ್ಯವೋ, ಯೋಚಿಸುವ ಶಕ್ತಿ ಮುಖ್ಯವೋ?

ಉತ್ತರ: ಒಬ್ಬನಿಗೆ ಬಾಯಿಪಾಠ ಹೆಚ್ಚಾಯಿತು, ಇನ್ನೊಬ್ಬಳಿಗೆ ಕಡಿಮೆಯಾಯಿತು ಎಂಬುದು ನಿಮ್ಮ ಆತಂಕ. ನೀವು ಬರೆದಿರುವ ವಿವರ ನೋಡಿದರೆ ಇಬ್ಬರ ತೊಂದರೆಯೂ ಒಂದೇ ಕಡೆಯಿಂದ ಬಂದಿದೆ. ಮಗನಿಗೆ ವಿಷಯ ಗೊತ್ತು, ಅದು ಏಕೆ ನಿಜ ಎಂಬುದು ಗೊತ್ತಿಲ್ಲ. ಮಗಳಿಗೆ ‘ಏಕೆ’ ಎಂದು ಕೇಳಲು ಗೊತ್ತು, ಆ ಪ್ರಶ್ನೆ ಊರಿ ನಿಲ್ಲುವಷ್ಟು ವಿಷಯ ಕೈಯಲ್ಲಿಲ್ಲ. ವಿಷಯ ಮತ್ತು ಅದರ ಕಾರಣ ಇಬ್ಬರಲ್ಲೂ ಬೇರೆಬೇರೆಯಾಗಿಯೇ ಉಳಿದಿವೆ. ಅವನ್ನು ಕೂಡಿಸುವುದು ಮನೆಯಲ್ಲೂ ಆಗುವ ಕೆಲಸ, ಅದಕ್ಕೆ ಕೋರ್ಸು ಬೇಕಿಲ್ಲ.

ಶಿಕ್ಷಣದ ತತ್ವಶಾಸ್ತ್ರಕ್ಕೆ ಇದು ಬಹಳ ಹಳೆಯ ಪ್ರಶ್ನೆ. ಪ್ಲೇಟೋ ಬರೆದ ‘ಮೆನೋ’ ಎಂಬ ಸಂವಾದದಲ್ಲಿ ಸಾಕ್ರಟೀಸ್ ಹೀಗೆ ಕೇಳುತ್ತಾನೆ: ಲರಿಸ್ಸಾ ಪಟ್ಟಣದ ದಾರಿ ನಿಜವಾಗಿ ತಿಳಿದವನೂ, ಸುಮ್ಮನೆ ಊಹಿಸಿ ಸರಿಯಾಗಿ ಹೇಳಿದವನೂ ನಮ್ಮನ್ನು ಊರಿಗೆ ಮುಟ್ಟಿಸುತ್ತಾರಲ್ಲ, ಹಾಗಾದರೆ ಜ್ಞಾನಕ್ಕೂ ಸರಿಯಾದ ಅಭಿಪ್ರಾಯಕ್ಕೂ ಏನು ವ್ಯತ್ಯಾಸ? ಉತ್ತರವನ್ನೂ ಅವನೇ ಕೊಡುತ್ತಾನೆ. ಸರಿಯಾದ ಅಭಿಪ್ರಾಯ ನಿಲ್ಲುವುದಿಲ್ಲ, ಕೈತಪ್ಪಿ ಓಡಿಹೋಗುತ್ತದೆ. ಕಾರಣವನ್ನು ಯೋಚಿಸಿ ಕಟ್ಟಿಹಾಕಿದಾಗಲೇ ಅದು ಜ್ಞಾನವಾಗುತ್ತದೆ. ನಿಮ್ಮ ಮಗನ 90 ಅಂಕಗಳು ಇನ್ನೂ ಕಟ್ಟಿಹಾಕದ ಅಭಿಪ್ರಾಯಗಳು. ಪರೀಕ್ಷೆಯ ಪ್ರಶ್ನೆ ನೋಟ್ಸಿನಲ್ಲಿದ್ದಂತೆಯೇ ಬಂದರೆ ಊರು ಮುಟ್ಟುತ್ತಾನೆ, ದಾರಿ ಸ್ವಲ್ಪ ಬದಲಾದರೆ ನಿಂತುಬಿಡುತ್ತಾನೆ.

ಹಾಗೆಂದು ಎಲ್ಲವನ್ನೂ ಮಗು ತಾನೇ ಕಂಡುಹಿಡಿಯಬೇಕೆಂದು ಹೊರಡುವುದೂ ತಪ್ಪು. ನಮ್ಮ ಪ್ರಾಚೀನ ತರ್ಕಶಾಸ್ತ್ರವಾದ ನ್ಯಾಯದರ್ಶನ ಜ್ಞಾನಕ್ಕೆ ನಾಲ್ಕು ಪ್ರಮಾಣಗಳನ್ನು, ಅಂದರೆ ಅರಿವಿನ ದಾರಿಗಳನ್ನು, ಒಪ್ಪುತ್ತದೆ: ಪ್ರತ್ಯಕ್ಷ (ಇಂದ್ರಿಯಗಳಿಂದ ಕಂಡದ್ದು), ಅನುಮಾನ (ತರ್ಕದಿಂದ ತಿಳಿದದ್ದು), ಉಪಮಾನ (ಹೋಲಿಕೆಯಿಂದ ತಿಳಿದದ್ದು), ಶಬ್ದ. ನಾಲ್ಕನೆಯದು ಆಪ್ತರ ಮಾತು, ಅಂದರೆ ನಂಬತಕ್ಕವರು ಹೇಳಿದ್ದು. ಟೀಚರ್ ಹೇಳಿದ್ದನ್ನು ನಂಬುವುದು ಕುರುಡುತನವಲ್ಲ, ಅದೂ ಜ್ಞಾನದ ದಾರಿಯೇ. ಆದರೆ ಆಪ್ತ ಯಾರು ಎಂಬುದಕ್ಕೆ, ಈ ದರ್ಶನದ ಮೂಲಗ್ರಂಥ ನ್ಯಾಯಸೂತ್ರಕ್ಕೆ ವಾತ್ಸ್ಯಾಯನ ಬರೆದ ಭಾಷ್ಯ ಷರತ್ತು ಹಾಕುತ್ತದೆ: ವಿಷಯವನ್ನು ತಾನೇ ಕಂಡು ಅರಿತಿರಬೇಕು, ಕಂಡಂತೆಯೇ ಹೇಳುವ ಇಚ್ಛೆ ಇರಬೇಕು. ಋಷಿಯಾದರೂ ಆರ್ಯನಾದರೂ ಮ್ಲೇಚ್ಛನಾದರೂ ಲಕ್ಷಣ ಒಂದೇ ಎಂದೂ ಆ ಭಾಷ್ಯ ಹೇಳುತ್ತದೆ. ಹೇಳಿದವನ ಪೀಠ ನೋಡಬೇಡ, ಅವನಿಗೆ ಗೊತ್ತಿದೆಯೇ, ಪ್ರಾಮಾಣಿಕನೇ ಎಂದು ನೋಡು ಎಂಬ ಈ ಪಾಠ ಇಂದಿನ ಮಕ್ಕಳಿಗೆ ತುಂಬ ಬೇಕಾದದ್ದು. ಫೋನಿನ ವಿಷಯಕ್ಕೆ ಬಂದಾಗ ಇದು ಮತ್ತೆ ನೆನಪಾಗುತ್ತದೆ.

ಈಗ ಶಾಲೆಯವರ ಮಾತು. ಉರು ಹೊಡೆದರೆ ಯೋಚನಾಶಕ್ತಿ ಹೋಗುತ್ತದೆ ಎಂಬುದು ಅರ್ಧ ಸತ್ಯ. ಪ್ರೊ. ಯಶಪಾಲ್ ಸಮಿತಿ 1993ರಲ್ಲಿ ಶಾಲಾ ಹೊರೆಯ ಬಗ್ಗೆ ವರದಿ ಕೊಟ್ಟಿತು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕಲಿಕೆಯನ್ನು ಕಂಠಪಾಠದಿಂದ ಬಿಡಿಸಬೇಕೆಂದಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಪಠ್ಯದ ಭಾರವನ್ನು ತಿರುಳಿಗೆ ಇಳಿಸಿ ವಿಮರ್ಶಾತ್ಮಕ ಚಿಂತನೆಗೆ ಜಾಗ ಮಾಡಬೇಕೆನ್ನುತ್ತದೆ. ಇವೆಲ್ಲ ಬೇಡವೆಂದದ್ದು ಅರ್ಥವಿಲ್ಲದ ಗಿಳಿಪಾಠವನ್ನು. ನೆನಪೇ ಬೇಡ ಎಂದು ಯಾವುದೂ ಹೇಳಿಲ್ಲ. 2005ರ ಚೌಕಟ್ಟಿನ ಎರಡನೇ ಅಧ್ಯಾಯದ ಹೆಸರೇ ಕಲಿಕೆ ಮತ್ತು ಜ್ಞಾನ. ದೆಹಲಿಯಲ್ಲಿ ಬರೆದದ್ದು ಶಾಲೆಯ ಗೋಡೆ ತಲುಪುವ ಹೊತ್ತಿಗೆ ‘ಬಾಯಿಪಾಠ ನಿಷಿದ್ಧ’ ಎಂಬ ಘೋಷಣೆಯಾಗಿಬಿಟ್ಟಿತು.

ಇದರಡಿ ಇನ್ನೊಂದು ಗೊಂದಲವೂ ಇದೆ. ಮಗು ತನ್ನ ಜ್ಞಾನವನ್ನು ತಾನೇ ಕಟ್ಟಿಕೊಳ್ಳುತ್ತದೆ ಎಂದು ಮನೋವಿಜ್ಞಾನಿ ಪಿಯಾಜೆ ಮತ್ತು ಅವರ ನಂತರದವರು ಹೇಳಿದ್ದು ಮನಸ್ಸು ಹೇಗೆ ಕಲಿಯುತ್ತದೆ ಎಂಬುದರ ಬಗ್ಗೆ. ಪಾಠ ಕೇಳುವಾಗಲೂ, ಮಗ್ಗಿ ಹೇಳುವಾಗಲೂ ಮಗು ಕಟ್ಟಿಕೊಳ್ಳುತ್ತಲೇ ಇರುತ್ತದೆ. ಆದ್ದರಿಂದ ಟೀಚರ್ ಏನನ್ನೂ ಹೇಳಿಕೊಡಬಾರದು ಎಂಬ ತೀರ್ಮಾನ ಆ ಸಿದ್ಧಾಂತದಿಂದ ಹೊರಡುವುದಿಲ್ಲ. ಒಳ್ಳೆಯ ಚಟುವಟಿಕೆ ಕ್ರಮ ಯಾವುದೂ ಹಾಗೆ ಮಾಡಿಲ್ಲ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಆರಂಭವಾದ, ನಮ್ಮ ಸರ್ಕಾರಿ ಶಾಲೆಗಳ ನಲಿ-ಕಲಿಯನ್ನೇ ನೋಡಿ. ಹೊರಗಿನವರಿಗೆ ಹಾಡು, ಆಟ, ಕಾರ್ಡು ಕಾಣುತ್ತವೆ. ಅದರ ಬೆನ್ನೆಲುಬು ಕಲಿಕಾ ಏಣಿ. ಒಂದು ಮೈಲಿಗಲ್ಲು ದಾಟದೆ ಮುಂದಿನ ಕಾರ್ಡು ಸಿಗದು. ಏಣಿ ತೆಗೆದು ಆಟವನ್ನಷ್ಟೇ ಇಟ್ಟುಕೊಂಡ ಶಾಲೆಗಳಲ್ಲಿ ನಿಮ್ಮ ಮಗಳಂಥ ಮಕ್ಕಳು ಹೊರಬರುತ್ತಾರೆ.

ಬೆರಳು ಎಣಿಸುವುದು ಏಕೆ ತೊಂದರೆ ಎಂದರೆ, ಒಂದು ಕ್ಷಣದಲ್ಲಿ ಮನಸ್ಸಿನಲ್ಲಿ ಹಿಡಿದು ಆಡಿಸಬಹುದಾದ ಸಂಗತಿಗಳು ತೀರಾ ಕಡಿಮೆ. ಮನೋವಿಜ್ಞಾನಿ ನೆಲ್ಸನ್ ಕೋವನ್ 2001ರಲ್ಲಿ ಹಿಂದಿನ ಪ್ರಯೋಗಗಳನ್ನೆಲ್ಲ ಒಟ್ಟಿಗೆ ನೋಡಿ ಕೊಟ್ಟ ಅಂದಾಜು ಸುಮಾರು ನಾಲ್ಕು. ಭಿನ್ನರಾಶಿಯ ಲೆಕ್ಕದಲ್ಲಿ ಛೇದ ಸಮ ಮಾಡಬೇಕಾದ ಮಗುವಿಗೆ ಆ ನಾಲ್ಕರಲ್ಲಿ ಎರಡು ಜಾಗವನ್ನು 7×8 ತಿಂದುಹಾಕಿದರೆ, ಛೇದವನ್ನು ಏಕೆ ಸಮ ಮಾಡುತ್ತಿದ್ದೇನೆ ಎಂದು ಯೋಚಿಸಲು ಜಾಗವೇ ಉಳಿಯದು. ಮಗ್ಗಿ ಬಂದರೆ ಯೋಚನೆ ನಿಲ್ಲುವುದಿಲ್ಲ, ಯೋಚನೆಗೆ ಜಾಗ ತೆರವಾಗುತ್ತದೆ. ಈ ಮಟ್ಟಿಗೆ ನಿಮ್ಮ ಮಾವನವರ ಮಾತು ಸರಿ. ಆದರೆ ಎರಡೊಂದ್ಲ ಎರಡರಿಂದ ಹಿಡಿದು ದಿನಾ ಕೂಗಿಸುವ ಹಳೆಯ ಪದ್ಧತಿಯಲ್ಲಿ ಒಂದು ದೋಷವಿದೆ. ಮಗು ಸರಣಿಯನ್ನು ಕಲಿಯುತ್ತದೆಯೇ ಹೊರತು ಸಂಗತಿಯನ್ನಲ್ಲ. ಏಳೆಂಟ್ಲ ಎಷ್ಟು ಎಂದರೆ ಏಳೊಂದ್ಲದಿಂದ ಓಡಿಬರುತ್ತದೆ.

ಹೀಗೆ ಮಾಡಿ. ಹತ್ತರವರೆಗಿನ ಹತ್ತು ಮಗ್ಗಿಗಳಲ್ಲಿ 100 ಸಾಲುಗಳಿವೆ. ಒಂದರ ಮತ್ತು ಹತ್ತರ ಸಾಲುಗಳು ಅವಳಿಗೆ ಬಂದೇ ಇರುತ್ತವೆ. ಉಳಿದ 64ರಲ್ಲಿ 7×8 ಬಂದರೆ 8×7 ಬಂದಂತೆ, ಹಾಗಾಗಿ ನಿಜಕ್ಕೂ ಬೇರೆಯಾದವು 36. ಚುಕ್ಕೆಗಳನ್ನು ಏಳು ಸಾಲು, ಎಂಟು ಕಂಬವಾಗಿ ಇಟ್ಟು ಕಾಗದವನ್ನು ತಿರುಗಿಸಿ ತೋರಿಸಿದರೆ ಎರಡೂ ಏಕೆ ಒಂದೇ ಎಂದು ಅವಳೇ ಹೇಳುತ್ತಾಳೆ. ಎರಡರ ಮತ್ತು ಐದರ ಮಗ್ಗಿಗಳನ್ನು ತೆಗೆದರೆ 21 ಉಳಿಯುತ್ತವೆ. ಒಂಬತ್ತರದನ್ನು ಹತ್ತರಿಂದ ತೆಗೆಯಬಹುದು, 9×6 ಅಂದರೆ 60ರಲ್ಲಿ 6 ಕಳೆದು 54. ಅದೂ ಹೋದರೆ 15 ಮಾತ್ರ. ನೂರು ಸಾಲಿನ ಬೆಟ್ಟ ಹದಿನೈದಕ್ಕೆ ಇಳಿದದ್ದು ಕಾರಣ ಯೋಚಿಸಿದ್ದರಿಂದ. ಈ ಹದಿನೈದನ್ನು ಕಾರ್ಡಿನಲ್ಲಿ ಬರೆಯಿರಿ. ದಿನಕ್ಕೆ ಎರಡೇ ಹೊಸ ಕಾರ್ಡು. ಮೊದಲು ಕಟ್ಟುವ ದಾರಿ ತೋರಿಸಿ: 7×8 ಎಂದರೆ 7×5 ಮತ್ತು 7×3, ಅಂದರೆ 35 ಕೂಡಿಸು 21. ಆಮೇಲೆ ಹಳೆಯ ಕಾರ್ಡುಗಳ ಜೊತೆ ಕಲೆಸಿ, ಅಡ್ಡಾದಿಡ್ಡಿಯಾಗಿ, ಐದು ನಿಮಿಷ ಕೇಳಿ. ತಪ್ಪಿದರೆ ಉತ್ತರ ಹೇಳಿಬಿಡಬೇಡಿ, ಕಟ್ಟುವ ದಾರಿಗೆ ಹಿಂದಿರುಗಿಸಿ. ಗಡಿಯಾರ ಹಿಡಿದು ಆತುರಪಡಿಸುವುದು ಬೇಡ. ಭಯ ಕೂಡ ಆ ನಾಲ್ಕರಲ್ಲಿ ಜಾಗ ಕೇಳುತ್ತದೆ.

ಎರಡು ಮೂರು ತಿಂಗಳು ಹೀಗೆ ನಿತ್ಯ ಮಾಡಿದ ಮೇಲೂ ನಿನ್ನೆಯದು ಇಂದು ಪೂರ್ತಿ ಮರೆತುಹೋಗುತ್ತಿದ್ದರೆ, ಅಥವಾ 38 ದೊಡ್ಡದೋ 83 ದೊಡ್ಡದೋ ಎಂಬುದರಲ್ಲೇ ತಡವರಿಸುತ್ತಿದ್ದರೆ, ಸೋಮಾರಿತನ ಎಂದು ಬೈಯಬೇಡಿ. ಲೆಕ್ಕಕ್ಕೆ ಸಂಬಂಧಿಸಿದ ಕಲಿಕಾ ನ್ಯೂನತೆ ಎಂಬುದೊಂದಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅದನ್ನು ಗುರುತಿಸುತ್ತದೆ. ಮಕ್ಕಳ ಮನೋತಜ್ಞರಿಂದ ಪರೀಕ್ಷೆ ಮಾಡಿಸಿ. ನಿಮ್ಮ ಪತ್ರದಲ್ಲಿ ಅಂಥ ಲಕ್ಷಣ ಕಾಣುವುದಿಲ್ಲ, ಅವಳಿಗೆ ಅಭ್ಯಾಸ ಸಿಕ್ಕಿಲ್ಲ ಅಷ್ಟೆ.

ಮಗನ ವಿಷಯ ಸ್ವಲ್ಪ ಕಷ್ಟ, ಏಕೆಂದರೆ ಅಂಕಗಳು ಅವನ ತೊಂದರೆಯನ್ನು ಮುಚ್ಚಿಟ್ಟಿವೆ. ಪಾಠದ ಕೊನೆಯ ಪ್ರಶ್ನೆಗಳೇ ಪರೀಕ್ಷೆಗೆ ಬರುತ್ತವೆ, ಅವಕ್ಕೆ ಗೈಡಿನಲ್ಲಿ ಸಿದ್ಧ ಉತ್ತರವಿದೆ, ಫೆಬ್ರವರಿಯೊಳಗೆ ಪೋರ್ಷನ್ ಮುಗಿಸಬೇಕು. ಇಂಥಲ್ಲಿ ಕಾರಣ ಕೇಳದಿರುವುದೇ ಮಗುವಿಗೆ ಲಾಭದ ದಾರಿ. ಅವನು ದಡ್ಡನಲ್ಲ, ವ್ಯವಸ್ಥೆ ಬಯಸಿದ್ದನ್ನು ಚೆನ್ನಾಗಿ ಕೊಡುತ್ತಿದ್ದಾನೆ.

ಒಂದು ಪ್ರಯೋಗ ಮಾಡಿ. ಅವನ ಪಠ್ಯದಲ್ಲಿ ನ್ಯೂಟನ್ನನ ಮೊದಲ ನಿಯಮವಿದೆ. ಒಪ್ಪಿಸು ಎನ್ನಿ, ತಪ್ಪಿಲ್ಲದೆ ಒಪ್ಪಿಸುತ್ತಾನೆ. ಆಮೇಲೆ ಒಂದು ಚೆಂಡನ್ನು ನೇರ ಮೇಲಕ್ಕೆ ಎಸೆದು ಕೇಳಿ: ಕೈಬಿಟ್ಟು ಮೇಲೆ ಹೋಗುವಾಗ ಅದರ ಮೇಲೆ ಯಾವ ಯಾವ ಬಲವಿದೆ? ತುತ್ತತುದಿಯಲ್ಲಿ? ಕೆಳಗೆ ಬರುವಾಗ? ಮಾತಿನಲ್ಲಿ ಬೇಡ, ಮೂರು ಚಿತ್ರ ಬರೆದು ಬಾಣದ ಗುರುತು ಹಾಕಲಿ. ಬಹಳಷ್ಟು ಮಕ್ಕಳು ಹಾಕುವ ಬಾಣ ಹೀಗಿರುತ್ತದೆ: ಮೇಲೆ ಹೋಗುವಾಗ ಕೈಯ ಬಲ ಮೇಲಕ್ಕೆ, ತುದಿಯಲ್ಲಿ ಬಲ ಸೊನ್ನೆ, ಬರುವಾಗ ಗುರುತ್ವ ಕೆಳಕ್ಕೆ. ಗಾಳಿಯ ಅಡ್ಡಿಯನ್ನು ಬಿಟ್ಟರೆ ಸರಿಯುತ್ತರ, ಮೂರೂ ಕಡೆ ಗುರುತ್ವ ಮಾತ್ರ, ಕೆಳಮುಖವಾಗಿ. 1982ರಲ್ಲಿ ಅಮೆರಿಕದ ಜಾನ್ ಕ್ಲೆಮೆಂಟ್ ಇದೇ ಪ್ರಶ್ನೆಯನ್ನು ಚಿಮ್ಮಿದ ನಾಣ್ಯದ ಮೇಲೆ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಕೇಳಿದಾಗ ಬಹುಪಾಲು ಮಂದಿ ತಪ್ಪಿದರು. ಚಲಿಸುವ ವಸ್ತುವಿನೊಳಗೆ ತಳ್ಳಿದವರ ಬಲ ಉಳಿದಿರುತ್ತದೆ ಎಂಬ ನಂಬಿಕೆ ಗಾಡಿ ತಳ್ಳಿ, ಬಾಗಿಲು ನೂಕಿ ಬಂದದ್ದು. ನೋಟ್ಸು ಅದನ್ನು ಅಳಿಸುವುದಿಲ್ಲ. ನಿಯಮವೂ ನಂಬಿಕೆಯೂ ಒಂದೇ ತಲೆಯಲ್ಲಿ ಪರಿಚಯವಿಲ್ಲದೆ ಬದುಕುತ್ತವೆ.

ಇಲ್ಲಿ ಉತ್ತರ ಹೇಳಿಬಿಟ್ಟರೆ ನೋಟ್ಸಿಗೆ ಇನ್ನೊಂದು ಸಾಲು ಸೇರುತ್ತದೆ, ಅಷ್ಟೆ. ಬದಲಿಗೆ ಅವನ ಉತ್ತರವನ್ನೇ ಹಿಡಿದು ಮುಂದೆ ಹೋಗಿ. ‘ತುದಿಯಲ್ಲಿ ಚೆಂಡಿನ ವೇಗ ಎಷ್ಟು?’ ಸೊನ್ನೆ ಎನ್ನುತ್ತಾನೆ. ‘ಬಲವೂ ಸೊನ್ನೆ ಅಂದೆಯಲ್ಲ, ನಿಂತ ವಸ್ತುವಿನ ಮೇಲೆ ಬಲವಿಲ್ಲದಿದ್ದರೆ ಮೊದಲ ನಿಯಮ ಏನನ್ನುತ್ತದೆ?’ ನಿಂತೇ ಇರುತ್ತದೆ. ‘ಹಾಗಾದರೆ ಚೆಂಡು ಅಲ್ಲೇ ಗಾಳಿಯಲ್ಲಿ ನಿಲ್ಲಬೇಕಲ್ಲ?’ ಇಲ್ಲಿ ಸುಮ್ಮನಿರಿ, ಅವನಿಗೆ ಸಮಯ ಬೇಕು. ಅವನು ವರ್ಷವೆಲ್ಲ ಒಪ್ಪಿಸಿದ ಆ ವಾಕ್ಯವೇ ಅವನ ಉತ್ತರವನ್ನು ಮುರಿಯುತ್ತದೆ. ಆ ನಿಯಮ ಬಾಯಿಪಾಠವಾಗಿರದಿದ್ದರೆ ಈ ತರ್ಕ ಶುರುವಾಗುತ್ತಲೇ ಇರಲಿಲ್ಲ. ತರ್ಕ ನಡೆಯದಿದ್ದರೆ ಆ ನಿಯಮಕ್ಕೆ ಅರ್ಥವೇ ಬರುತ್ತಿರಲಿಲ್ಲ.

ವಾರಕ್ಕೆ ಇಂಥದ್ದು ಒಂದು ಸಾಕು. ದಿನವೂ ಮಾಡಿದರೆ ಅವನಿಗೆ ಅದು ಇನ್ನೊಂದು ಪರೀಕ್ಷೆ ಅನ್ನಿಸುತ್ತದೆ. ಓದುವ ಕ್ರಮದಲ್ಲಿ ಮಾತ್ರ ಒಂದು ಬದಲಾವಣೆ ದಿನವೂ ಇರಲಿ: ಪಾಠ ಒಮ್ಮೆ ಓದಿ, ಪುಸ್ತಕ ಮುಚ್ಚಿ, ನೆನಪಿದ್ದಷ್ಟನ್ನು ಸ್ವಂತ ಮಾತಿನಲ್ಲಿ ಬರೆಯಲಿ. ಬರೆದ ಪ್ರತಿ ಮುಖ್ಯ ವಾಕ್ಯದ ಪಕ್ಕ ‘ಇದು ಹೇಗೆ ಗೊತ್ತು?’ ಎಂಬುದಕ್ಕೆ ಒಂದು ಸಾಲು ಸೇರಿಸಲಿ. ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಮತ್ತೆ ಓದಿದವರು ಮುಂದಿದ್ದರು, ವಾರದ ನಂತರ ಕೇಳಿದಾಗ ನೆನಪಿನಿಂದ ಬರೆದವರು ಮುಂದಿದ್ದರು. ಮೊದಲ ದಿನಗಳಲ್ಲಿ ಅವನಿಗೆ ತಾನು ಹಿಂದೆ ಬಿದ್ದೆ ಅನ್ನಿಸುವುದು ಇದೇ ಕಾರಣಕ್ಕೆ. ಆಗ ಕೈಬಿಡದಂತೆ ನೋಡಿಕೊಳ್ಳಿ. ಕಿರುಪರೀಕ್ಷೆಯಲ್ಲಿ ನಾಲ್ಕಾರು ಅಂಕ ಕಡಿಮೆಯಾದರೂ ಆಗಬಹುದು. ಹತ್ತನೇ ತರಗತಿಗೆ ಬರುವ ಮೊದಲೇ ಈ ಅಭ್ಯಾಸ ಹಿಡಿಸುವುದು ಲೇಸು.

‘ಹೇಗೆ ಗೊತ್ತು?’ ಎಂಬ ಪ್ರಶ್ನೆಗೆ ಪ್ರತಿ ವಿಷಯದಲ್ಲೂ ಉತ್ತರದ ಜಾತಿ ಬೇರೆ. ಆನ್‌ಲೈನ್ ಕೋರ್ಸಿನ ಬಗ್ಗೆ ನನ್ನ ಅನುಮಾನ ಇರುವುದೂ ಇಲ್ಲಿಯೇ. ಬ್ರಿಟನ್ನಿನ ಶಿಕ್ಷಣ ತತ್ವಜ್ಞಾನಿ ಪಾಲ್ ಹರ್ಸ್ಟ್ 1965ರಲ್ಲಿ ವಾದಿಸಿದಂತೆ, ಗಣಿತ, ವಿಜ್ಞಾನ, ಇತಿಹಾಸ, ನೀತಿ ಇವು ಒಂದೊಂದೂ ಜ್ಞಾನದ ಬೇರೆ ರೂಪ, ಸರಿ ತಪ್ಪನ್ನು ತೂಗುವ ತಕ್ಕಡಿಯೂ ಬೇರೆ. ಅವರು ಮಾಡಿದ ಪಟ್ಟಿಯ ಬಗ್ಗೆ ತಕರಾರುಗಳಿವೆ, ಆದರೆ ಮೂಲ ಮಾತು ಗಟ್ಟಿ. ಹಲ್ಮಿಡಿ ಶಾಸನ ಸುಮಾರು ಕ್ರಿ.ಶ. 450ರದು ಎಂದು ಸಮಾಜ ವಿಜ್ಞಾನದಲ್ಲಿ ಓದುತ್ತಾರೆ. ಶಾಸನದಲ್ಲಿ ವರ್ಷವೇ ಇಲ್ಲ! ಮತ್ತೆ ಹೇಗೆ ಗೊತ್ತಾಯಿತು? ಅಕ್ಷರಗಳ ಆಕಾರ, ಭಾಷೆಯ ರೂಪ, ಅದರಲ್ಲಿ ಬರುವ ಕದಂಬ ಕಾಕುಸ್ಥನ ಹೆಸರು, ಇವನ್ನು ಬೇರೆ ಶಾಸನಗಳ ಜೊತೆ ಹೋಲಿಸಿ ವಿದ್ವಾಂಸರು ಅಂದಾಜು ಮಾಡಿದರು. ಹಾಗಾಗಿಯೇ ಅದರ ಹಿಂದೆ ‘ಸುಮಾರು’ ಇದೆ, ಹಾಗಾಗಿಯೇ ಅದರ ಮೇಲೆ ಚರ್ಚೆಯೂ ಇದೆ. ತ್ರಿಭುಜದ ಮೂರು ಕೋನಗಳ ಮೊತ್ತ 180 ಡಿಗ್ರಿ ಎಂಬುದಕ್ಕೆ ‘ಸುಮಾರು’ ಇಲ್ಲ. ಈ ವ್ಯತ್ಯಾಸ ತಿಳಿದ ಮಗು ವಿಚಾರವಂತವಾಗುತ್ತದೆ. ಇದು ಹಲ್ಮಿಡಿಯಿಂದ, ತ್ರಿಭುಜದಿಂದ ಬರಬೇಕು, ಬೇರೆಯಾಗಿ ಕಲಿಸಿದ ‘ಚಿಂತನಾ ಕೌಶಲ’ದಿಂದ ಬಾರದು.

ಬುದ್ಧಿಯನ್ನು ಒಂದು ಕಡೆ ಸಾಣೆ ಹಿಡಿದರೆ ಎಲ್ಲ ಕಡೆ ಹರಿತವಾಗುತ್ತದೆ ಎಂಬ ನಂಬಿಕೆಯನ್ನು ಮನೋವಿಜ್ಞಾನಿಗಳಾದ ಥಾರ್ನ್‌ಡೈಕ್ ಮತ್ತು ವುಡ್‌ವರ್ತ್ 1901ರಷ್ಟು ಹಿಂದೆಯೇ ಪರೀಕ್ಷಿಸಿ ನೋಡಿದರು. ಅಭ್ಯಾಸ ಮಾಡಿದ ಕೆಲಸಕ್ಕೂ ಹೊಸ ಕೆಲಸಕ್ಕೂ ಸಮಾನ ಅಂಶಗಳು ಇದ್ದಷ್ಟೇ ಲಾಭ ಕಂಡಿತು. ಒಗಟು ಬಿಡಿಸಿದರೆ ಒಗಟಿನಲ್ಲಿ ಚುರುಕಾಗುತ್ತಾರೆ. ಅದು ಸಂತೋಷದ ವಿಷಯವೇ, ಮಕ್ಕಳಿಗೆ ಇಷ್ಟವಿದ್ದರೆ ಸೇರಿಸಿ. ಆದರೆ ಅದರಿಂದ ವಿಜ್ಞಾನ ಅರ್ಥವಾಗುತ್ತದೆ ಎಂದು ಹಣ ಕಟ್ಟಬೇಡಿ. ಚರ್ಚಾಸ್ಪರ್ಧೆಗೂ ಇದೇ ಎಚ್ಚರಿಕೆ. ನ್ಯಾಯಸೂತ್ರ ಸತ್ಯ ತಿಳಿಯಲು ನಡೆಸುವ ವಾದವನ್ನೂ ಗೆಲ್ಲಲು ನಡೆಸುವ ಜಲ್ಪವನ್ನೂ ಬೇರೆ ಮಾಡಿತು. ತನ್ನದೊಂದು ಪಕ್ಷವನ್ನೇ ಇಡದೆ ಎದುರಾಳಿಯನ್ನು ಕೆಡವುವುದು ವಿತಂಡ. ಪರ-ವಿರೋಧ ಚೀಟಿ ಎತ್ತಿ ಮಾತಾಡಿಸುವ ಸ್ಪರ್ಧೆಯಿಂದ ಸಭಾಕಂಪನ ಹೋಗುತ್ತದೆ, ಅಷ್ಟಕ್ಕೆ ಅದು ಒಳ್ಳೆಯದು. ಪುರಾವೆ ಎದುರಾದಾಗ ಅಭಿಪ್ರಾಯ ಬದಲಿಸುವುದನ್ನು ಅದು ಕಲಿಸುವುದಿಲ್ಲ.

ಇನ್ನು ಎಲ್ಲವೂ ಫೋನಿನಲ್ಲಿದೆ ಎಂಬ ಮಾತು. 2003ರ ನಂತರ ಆಗಸ್ಟ್ ಬಂದಾಗಲೆಲ್ಲ ಒಂದು ಸಂದೇಶ ಓಡಾಡುತ್ತಿತ್ತು: 27ರ ರಾತ್ರಿ ಮಂಗಳ ಗ್ರಹ ಚಂದ್ರನಷ್ಟು ದೊಡ್ಡದಾಗಿ ಕಾಣುತ್ತದೆ, ಆಕಾಶದಲ್ಲಿ ಎರಡು ಚಂದ್ರ. ಇದನ್ನು ಓದಿ ಅನುಮಾನ ಬರಬೇಕಾದರೆ ಮೊದಲೇ ಏನಾದರೂ ಗೊತ್ತಿರಬೇಕು. ಮಂಗಳ ಚಂದ್ರನಿಗಿಂತ ಸುಮಾರು ಎರಡು ಪಟ್ಟು ಅಗಲ. ಚಂದ್ರ ಇರುವುದು ಸುಮಾರು 3.84 ಲಕ್ಷ ಕಿಲೋಮೀಟರ್ ದೂರದಲ್ಲಿ. ಮಂಗಳ 2003ರಲ್ಲಿ ತೀರಾ ಹತ್ತಿರ ಬಂದಾಗಲೂ ಸುಮಾರು 5.58 ಕೋಟಿ ಕಿಲೋಮೀಟರ್, ಅಂದರೆ ಚಂದ್ರನ 145 ಪಟ್ಟು ದೂರ. ಎರಡು ಪಟ್ಟು ಅಗಲದ ವಸ್ತು 145 ಪಟ್ಟು ದೂರದಲ್ಲಿದ್ದರೆ ಕಾಣುವುದು ಚಂದ್ರನ ಎಪ್ಪತ್ತರಲ್ಲಿ ಒಂದು ಭಾಗದಷ್ಟು. ಬರಿಗಣ್ಣಿಗೆ ಒಂದು ಚುಕ್ಕೆ. ದೂರ ವಸ್ತುವನ್ನು ಸಣ್ಣದಾಗಿ ತೋರಿಸುತ್ತದೆ, ಗ್ರಹಗಳು ಚಂದ್ರನಿಗಿಂತ ಬಹಳ ದೂರ ಎಂಬ ಎರಡು ಸಂಗತಿ ತಲೆಯಲ್ಲಿದ್ದವರು ಹುಡುಕಲು ಹೊರಡುತ್ತಾರೆ. ಇಲ್ಲದವರು ಹುಡುಕುವುದೇ ಇಲ್ಲ, ಫಾರ್ವರ್ಡ್ ಮಾಡುತ್ತಾರೆ. ಅಂಕಿಗಳನ್ನು ಫೋನಿನಿಂದ ತೆಗೆದುಕೊಳ್ಳಿ, ತೊಂದರೆಯಿಲ್ಲ. ಯಾವ ಅಂಕಿ ಬೇಕು ಎಂಬುದು ಫೋನಿನಿಂದ ಬಾರದು.

ಹೋಂವರ್ಕಿಗೆ ಎಐ ಬಳಸುವುದಕ್ಕೂ ಇದೇ ಮಾತು ಅನ್ವಯಿಸುತ್ತದೆ. ಅದರ ವಾಕ್ಯ ಸರಾಗ, ತಪ್ಪಿದ್ದಾಗಲೂ ಅಷ್ಟೇ ಸರಾಗ. ಆಪ್ತನ ಎರಡು ಷರತ್ತನ್ನೂ ಅದು ಪೂರೈಸುವುದಿಲ್ಲ. ಮಗ ಮೊದಲು ತಾನೇ ಬರೆದು, ಆಮೇಲೆ ‘ನನ್ನ ಉತ್ತರದಲ್ಲಿ ಯಾವ ಹೆಜ್ಜೆ ದುರ್ಬಲ?’ ಎಂದು ಕೇಳಲಿ, ಬಂದದ್ದನ್ನು ಪಠ್ಯದ ಜೊತೆ ತಾಳೆ ನೋಡಲಿ. ಕ್ರಮ ತಿರುಗಿ ಮೊದಲು ಎಐ, ಆಮೇಲೆ ಮಗ ಎಂದಾದರೆ, ಅದು ಗೈಡಿನ ಹೊಸ ಅವತಾರ. ಐದನೇ ತರಗತಿಯ ಮಗಳಿಗೆ ಸದ್ಯಕ್ಕೆ ಬೇಡವೇ ಬೇಡ ಎಂದು ನನ್ನ ಸಲಹೆ.

ಮಗಳ ‘ಯಾಕೆ’ಗಳನ್ನು ಕಡಿಮೆ ಮಾಡಬೇಡಿ, ಅವಕ್ಕೆ ಶಿಸ್ತು ಕೊಡಿ. ಪ್ರಶ್ನಿಸದೆ ಒಪ್ಪಬೇಡಿ ಎಂದು ಎಚ್. ನರಸಿಂಹಯ್ಯನವರು ಜೀವನವಿಡೀ ಹೇಳಿದರು. ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದು 1976ರಿಂದ ಸಂವಿಧಾನದ 51ಎ ವಿಧಿಯಲ್ಲಿ ನಾಗರಿಕರ ಕರ್ತವ್ಯವೂ ಹೌದು. ಮನೆಯಲ್ಲಿ ಒಂದು ನೇಮ ಇರಲಿ: ಯಾಕೆ ಎಂದು ಕೇಳಿದ ಮೇಲೆ ‘ನನಗೇನು ಅನ್ನಿಸುತ್ತದೆ’ ಎಂದು ಅವಳೂ ಒಂದು ಊಹೆ ಹೇಳಬೇಕು, ಆ ಊಹೆ ತಪ್ಪಾಗಿದ್ದರೆ ಏನು ಕಾಣಬೇಕು ಎಂದೂ ಹೇಳಬೇಕು. ಉತ್ತರ ಗೊತ್ತಿಲ್ಲದಿದ್ದರೆ ನೀವೂ ಗೊತ್ತಿಲ್ಲ ಎನ್ನಿ, ಒಟ್ಟಿಗೆ ಹುಡುಕಿ. ಮಗುವಿನ ‘ಕಾರಣ ಕೊಡಿ’ ಎಂಬ ಬೇಡಿಕೆಗೆ ತನ್ನನ್ನು ಒಪ್ಪಿಸಿಕೊಳ್ಳುವುದೇ ಕಲಿಸುವಿಕೆಯ ಗುರುತು ಎಂದು ಶಿಕ್ಷಣ ತತ್ವಜ್ಞಾನಿ ಇಸ್ರೇಲ್ ಷೆಫ್ಲರ್ ವಾದಿಸಿದ್ದರು. ಅದು ಟೀಚರಿಗಷ್ಟೇ ಅಲ್ಲ, ತಂದೆತಾಯಿಗೂ ಸೇರಿದ್ದು.

ಶಾಲೆ ಬದಲಿಸಬೇಕೇ ಎಂದು ನೀವು ಕೇಳಿಲ್ಲ, ಈಗಲೇ ಬೇಡ. ಮುಂದಿನ ಪೋಷಕರ ಸಭೆಯಲ್ಲಿ ಮಗಳ ಶಾಲೆಯವರನ್ನು, ಈ ವರ್ಷದ ಕೊನೆಗೆ ನೋಡದೆ ಹೇಳಬೇಕಾದ ಸಂಗತಿಗಳು ಯಾವುವು ಎಂದು ಕೇಳಿ. ಪಟ್ಟಿ ಇದ್ದರೆ ಏಣಿ ಇದೆ ಎಂದರ್ಥ, ಕಾರ್ಡುಗಳ ಕೆಲಸಕ್ಕೆ ಅವರೂ ಕೈಜೋಡಿಸಬಹುದು. ಅಂಥ ಪಟ್ಟಿಯೇ ಇಲ್ಲ ಎಂದರೆ ಆರನೇ ತರಗತಿಗೆ ಮೊದಲು ಬೇರೆ ಶಾಲೆ ಹುಡುಕಲು ಕಾರಣವಿದೆ. ಮಗನ ವಿಜ್ಞಾನ ಟೀಚರನ್ನು, ಕಿರುಪರೀಕ್ಷೆಯ 20 ಅಂಕಗಳಲ್ಲಿ ಎರಡನ್ನಾದರೂ ಪುಸ್ತಕದಲ್ಲಿಲ್ಲದ ಸನ್ನಿವೇಶಕ್ಕೆ ಇಡಬಹುದೇ ಎಂದು ಕೇಳಿ. ದೂರಿನ ಧಾಟಿ ಬೇಡ. ಐವತ್ತು ಮಕ್ಕಳ ತರಗತಿಯಲ್ಲಿ ಪೋರ್ಷನ್ ಮುಗಿಸುವ ಒತ್ತಡ ಅವರ ಮೇಲೂ ಇದೆ. ಚೆಂಡಿನ ಮೂರು ಚಿತ್ರಗಳ ಹಾಳೆಯನ್ನು ತೆಗೆದುಕೊಂಡು ಹೋಗಿ ತೋರಿಸಿ, ಇದನ್ನು ತರಗತಿಗೆಲ್ಲ ಕೇಳಿ ನೋಡುತ್ತೀರಾ ಎನ್ನಿ.